ಕಣ್ಣು ಕೊಟ್ಟು ಉಸಿರು ಕೊಳ್ಳುವ ವ್ಯಾಪಾರ ಬೇಡ

ರೇಷ್ಮೆ ಬಿಚ್ಚುವ ಕಾರ್ಮಿಕನಿಗೆ ಇರುವ ಬಂಡವಾಳ ಎರಡೇ ಎರಡು. ಒಂದು, ಕುದಿಯುವ ನೀರಿಗೆ ಹೆದರದ ಬೆರಳು. ಇನ್ನೊಂದು, ತಲೆಗೂದಲಿಗಿಂತ ಸಣ್ಣದಾದ ಎಳೆಯ ತುದಿಯನ್ನು ಹಬೆಯ ನಡುವೆ ಹುಡುಕಿ ತೆಗೆಯುವ ಕಣ್ಣು. ಇವೆರಡರಲ್ಲಿ ಒಂದು ಹೋದರೂ ಆತನಿಗೆ ಚರಕದ ಮುಂದೆ ಜಾಗವಿಲ್ಲ. ಸಣ್ಣ ವ್ಯಾಪಾರಿಯ ಪಾಡೂ ಇದಕ್ಕಿಂತ ಬೇರೆಯಲ್ಲ. ತಕ್ಕಡಿಯ ಮುಳ್ಳು, ನೋಟಿನ ಅಂಕಿ, ಲೆಕ್ಕದ ಪುಸ್ತಕದ ಸಾಲು, ಇವು ಕಾಣದೆಹೋದ ದಿನ ಅಂಗಡಿಯ ಬಾಗಿಲು ಮುಚ್ಚಿದಂತೆಯೇ ಸರಿ.

ಇಂಥ ಕಣ್ಣನ್ನು ಕೆಡಿಸಬಲ್ಲ ಒಂದು ಔಷಧ ನಮ್ಮ ಪೇಟೆಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಕೈಯಿಂದ ಕೈಗೆ ದಾಟುತ್ತಿದೆ. ಒಂದು ಮಾತ್ರೆಯ ಬೆಲೆ ಒಂದು ಲೋಟ ಚಹಾದ ಬೆಲೆಗಿಂತ ಕಡಿಮೆ. ಅದರ ಕುಲದ ಹೆಸರು ಸ್ಟೀರಾಯ್ಡ್. ಅಂಗಡಿಯಲ್ಲಿ ಅದಕ್ಕೆ ಆ ಹೆಸರು ಇರುವುದಿಲ್ಲ. ದಮ್ಮಿನ ಮಾತ್ರೆ, ಕೀಲುನೋವಿನ ಮಾತ್ರೆ, ಕೆರೆತದ ಮುಲಾಮು, ಕಣ್ಣಿನ ಡ್ರಾಪ್ಸು ಎಂಬ ಹೆಸರುಗಳಲ್ಲಿ ಅದು ಮನೆ ಸೇರುತ್ತದೆ. ಆದುದರಿಂದಲೇ ಈ ವಿಷಯವನ್ನು ನಮ್ಮ ಬಂಧುಗಳ ಮುಂದೆ ಸ್ವಲ್ಪ ವಿವರವಾಗಿ ಇಡಬೇಕಾಗಿದೆ.

ಔಷಧದ ಮೇಲೆ ನಮಗೆ ಹಗೆಯಿಲ್ಲ

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಸ್ಟೀರಾಯ್ಡ್ ಎಂಬುದು ವಿಷವಲ್ಲ. ನಮ್ಮ ಮೂತ್ರಪಿಂಡಗಳ ಮೇಲೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಇದೇ ಜಾತಿಯ ರಸವನ್ನು ಪ್ರತಿದಿನವೂ ತಯಾರಿಸುತ್ತವೆ. ಅದಿಲ್ಲದೆ ಮನುಷ್ಯ ಬದುಕಲಾರ. ೧೯೪೮ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುಗಳು ಬಿಗಿದು ಮಲಗಿದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಚುಚ್ಚಿದಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಲೋಕವೆಲ್ಲ ಬೆರಗಾಯಿತು. ೧೯೫೦ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂತು. ೨೦೨೦ರಲ್ಲಿ ಕೋವಿಡ್ ಪಿಡುಗು ಹಬ್ಬಿದ್ದಾಗ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡೇ ಉಸಿರಾಟದ ಯಂತ್ರಕ್ಕೆ ಬಿದ್ದಿದ್ದ ರೋಗಿಗಳ ಸಾವನ್ನು ಮೂರರಲ್ಲೊಂದು ಪಾಲು ಕಡಿಮೆ ಮಾಡಿತೆಂದು ಇಂಗ್ಲೆಂಡಿನ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಬಡವನ ಕೈಗೆಟುಕುವ ಬೆಲೆಯಲ್ಲಿ ಜೀವ ಉಳಿಸುವ ಮದ್ದು ಇದು. ಇದನ್ನು ಹಳಿಯುವುದು ಕೃತಘ್ನತೆ.

ಆದರೆ ಅದೇ ಕೋವಿಡ್ ಕಾಲ ಇನ್ನೊಂದು ಪಾಠವನ್ನೂ ಹೇಳಿತು. ೨೦೨೧ರ ಎರಡನೆಯ ಅಲೆಯಲ್ಲಿ ಬೇಕಾದವರಿಗೂ ಬೇಡದವರಿಗೂ, ಅಗತ್ಯಕ್ಕಿಂತ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಸ್ಟೀರಾಯ್ಡ್ ನುಂಗಿಸಲಾಯಿತು. ರಕ್ತದಲ್ಲಿ ಸಕ್ಕರೆ ಏರಿತು. ಆ ಸಕ್ಕರೆಯ ಬೆನ್ನೇರಿ ಕಪ್ಪು ಶಿಲೀಂಧ್ರ ಬಂತು. ಅದೇ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಬೇಕಾಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕಾಗಿಯೇ ವಾರ್ಡು ತೆರೆಯಬೇಕಾಯಿತು. ಜೀವ ಉಳಿಸಲು ಕಣ್ಣನ್ನೇ ಕಿತ್ತು ತೆಗೆಯಬೇಕಾದ ರೋಗಿಗಳೂ ಇದ್ದರು. ಒಂದೇ ಮದ್ದು, ಒಂದು ವರ್ಷದ ಅಂತರ. ಅಳತೆಯಲ್ಲಿದ್ದಾಗ ಜೀವ ಉಳಿಸಿತು. ಅಳತೆ ತಪ್ಪಿದಾಗ ಕಣ್ಣು ಕೀಳಿಸಿತು. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಪ್ಪು ಶಿಲೀಂಧ್ರ ಪತ್ರಿಕೆಗಳಲ್ಲಿ ಬಂತು, ಸರ್ಕಾರ ಎಚ್ಚೆತ್ತಿತು. ನಾವು ಈಗ ಹೇಳಹೊರಟಿರುವ ಕೇಡು ಸದ್ದಿಲ್ಲದ್ದು. ಅದು ಒಬ್ಬೊಬ್ಬರ ಮನೆಯಲ್ಲಿ, ಒಂದೊಂದೇ ಕಣ್ಣಿನಲ್ಲಿ, ನೋವಿಲ್ಲದೆ ಬರುತ್ತದೆ. ಆದುದರಿಂದ ಅದಕ್ಕೆ ಪತ್ರಿಕೆಯೂ ಇಲ್ಲ, ವಾರ್ಡೂ ಇಲ್ಲ.

ಕಣ್ಣಿನೊಳಗೆ ನಡೆಯುವುದೇನು?

ಕಣ್ಣಿನ ಹಿಂಭಾಗದಲ್ಲಿ ತೆಳುವಾದ ಒಂದು ಪರದೆಯಿದೆ. ಅದಕ್ಕೆ ಅಕ್ಷಿಪಟಲವೆಂದೂ ರೆಟಿನಾ ಎಂದೂ ಹೆಸರು. ನಾವು ನೋಡುವುದೆಲ್ಲ ಅದರ ಮೇಲೆ ಮೂಡುತ್ತದೆ. ಅದರ ನಟ್ಟನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಜಾಗವೊಂದಿದೆ. ಅಕ್ಷರ ಓದುವುದು, ಎಳೆ ಹುಡುಕುವುದು, ಎದುರಿಗಿರುವವರ ಮುಖದ ಗುರುತು ಹಿಡಿಯುವುದು, ಇವೆಲ್ಲ ಆ ಜಾಗದ ಕೆಲಸ. ಈ ಪರದೆಯ ಹಿಂದೆ ರಕ್ತನಾಳಗಳ ದಟ್ಟ ಹಾಸು. ಎರಡರ ನಡುವೆ ಜೀವಕೋಶಗಳ ಒಂದು ಸಾಲು, ಕೆರೆಗೆ ಕಟ್ಟೆಯಿದ್ದ ಹಾಗೆ.

ನಮ್ಮದು ಕೆರೆಗಳ ಸೀಮೆ. ಆದುದರಿಂದ ಈ ಮಾತು ನಮ್ಮವರಿಗೆ ಸುಲಭವಾಗಿ ಅರ್ಥವಾದೀತು. ಕೆರೆ ಮಿತಿಮೀರಿ ತುಂಬಿದಾಗ ಕಟ್ಟೆಯ ಯಾವುದೋ ಒಂದು ಕಡೆ ನೀರು ಜಿನುಗುತ್ತದೆ. ಕೆಳಗಿನ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ. ಕಣ್ಣಿನಲ್ಲೂ ಹಾಗೆಯೇ. ಹಿಂದಿನ ರಕ್ತನಾಳಗಳು ಉಬ್ಬಿ, ಕಟ್ಟೆಯಂಥ ಕೋಶಗಳ ಸಾಲು ಸೋತು, ನೀರು ಜಿನುಗಿ ಆ ನಡುಜಾಗದ ಅಡಿಯಲ್ಲಿ ಗುಳ್ಳೆಯಂತೆ ನಿಲ್ಲುತ್ತದೆ. ಮೇಲಿನ ಪರದೆ ಎದ್ದು ನಿಲ್ಲುತ್ತದೆ. ಆಗ ನೋಟದ ನಡುವೆ ಮಬ್ಬಾದ ಮಚ್ಚೆ ಕಾಣುತ್ತದೆ. ನೆಟ್ಟಗಿನ ಗೆರೆ ಡೊಂಕಾಗಿ ತೋರುತ್ತದೆ. ವಸ್ತು ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಬಣ್ಣ ಮಾಸುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ವೈದ್ಯರು ಇದನ್ನು ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪತಿ ಎನ್ನುತ್ತಾರೆ.

ಈ ರೋಗವನ್ನು ೧೮೬೬ರಲ್ಲಿ ಜರ್ಮನಿಯ ಫಾನ್ ಗ್ರೇಫ್ ಎಂಬ ನೇತ್ರವೈದ್ಯರು ಮೊದಲು ಬಣ್ಣಿಸಿದರು. ಸರಿಯಾಗಿ ನೂರು ವರ್ಷಗಳ ಮೇಲೆ, ೧೯೬೬ರಲ್ಲಿ, ಸ್ಟೀರಾಯ್ಡ್ ಸೇವನೆಯಿಂದ ಅಕ್ಷಿಪಟಲದ ಈ ನಡುಜಾಗಕ್ಕೆ ಕೇಡಾಗುತ್ತದೆಂಬ ಎಚ್ಚರಿಕೆಯನ್ನು ಕೊಟ್ಟವರು ಯಾರು ಗೊತ್ತೆ? ನಮ್ಮ ದೇಶದವರೇ ಆದ ಜೈನ್ ಮತ್ತು ಸಿಂಗ್ ಎಂಬ ವೈದ್ಯರು, ಅಖಿಲ ಭಾರತ ನೇತ್ರವೈದ್ಯರ ಸಂಘದ ಪತ್ರಿಕೆಯಲ್ಲಿ. ಆರು ದಶಕಗಳು ಸಂದುವು. ಭಾರತದಲ್ಲಿ ಬರೆದ ಎಚ್ಚರಿಕೆ ಲೋಕದ ವೈದ್ಯ ಗ್ರಂಥಗಳಲ್ಲೆಲ್ಲ ಸೇರಿತು. ಆದರೆ ದಿಬ್ಬೂರಹಳ್ಳಿಯ ಬಸ್ ನಿಲ್ದಾಣದವರೆಗೆ ಮಾತ್ರ ಅದು ಬಂದು ತಲುಪಲಿಲ್ಲ! ಮಾತ್ರೆ ಬಂದ ದಾರಿಯಲ್ಲೇ ಎಚ್ಚರಿಕೆ ಏಕೆ ಬರಲಿಲ್ಲವೆಂಬುದು ಯೋಚಿಸಬೇಕಾದ ಪ್ರಶ್ನೆ.

ನುಂಗುವ ಮಾತ್ರೆಯಿಂದ ಅಪಾಯ ಹೆಚ್ಚು. ಆದರೆ ಚುಚ್ಚುಮದ್ದು, ಕೀಲಿಗೆ ಹಾಕುವ ಸೂಜಿ, ಮೂಗಿನ ಸ್ಪ್ರೇ, ಚರ್ಮದ ಮುಲಾಮುಗಳಿಂದಲೂ ಈ ರೋಗ ಬಂದುದನ್ನು ವೈದ್ಯರು ದಾಖಲಿಸಿದ್ದಾರೆ. ಇದು ಬಹುಮಟ್ಟಿಗೆ ದುಡಿಯುವ ವಯಸ್ಸಿನ ಗಂಡಸರನ್ನು ಹಿಡಿಯುತ್ತದೆ. ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ೬ ಪಟ್ಟು ಹೆಚ್ಚೆಂದು ಅಮೆರಿಕದ ಒಂದು ಸೀಮೆಯ ಎಣಿಕೆ ತೋರಿಸಿದೆ. ನಿದ್ದೆಗೇಡು, ಮನಸ್ಸಿನ ಒತ್ತಡ ಇದ್ದವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆಂದೂ ಬಲ್ಲವರು ಹೇಳುತ್ತಾರೆ. ಬೆಳಗಿನ ಜಾವಕ್ಕೆ ಎದ್ದು ಬಾಯ್ಲರ್ ಹೊತ್ತಿಸುವವನಿಗೆ, ಗೂಡಿನ ಧಾರಣೆ ಏರಿಳಿದಾಗಲೆಲ್ಲ ಸಾಲದ ಲೆಕ್ಕ ಹಾಕುತ್ತ ರಾತ್ರಿ ಕಳೆಯುವ ಸಣ್ಣ ರೀಲರನಿಗೆ ಒತ್ತಡವೆಂದರೇನೆಂದು ನಾವು ವಿವರಿಸಬೇಕಾಗಿಲ್ಲ.

ಎಲ್ಲರಿಗೂ ಇದು ಬರುತ್ತದೆಂದು ನಾವು ಹೆದರಿಸುತ್ತಿಲ್ಲ. ಸ್ಟೀರಾಯ್ಡ್ ನುಂಗುವವರಲ್ಲಿ ಕೆಲವರಿಗೆ ಮಾತ್ರ ಬರುತ್ತದೆ. ಬಂದವರಲ್ಲೂ ಹೆಚ್ಚಿನವರಿಗೆ ಮೂರು ನಾಲ್ಕು ತಿಂಗಳಲ್ಲಿ ನೀರು ತಾನಾಗಿ ಇಂಗುತ್ತದೆ. ಆದರೆ ಮೂರರಲ್ಲಿ ಒಬ್ಬರಿಗಾದರೂ ಮರುಕಳಿಸುತ್ತದೆ. ಔಷಧ ನಿಲ್ಲದೆ ಮುಂದುವರಿದರೆ ನೀರು ನಿಂತಲ್ಲೇ ನಿಂತು, ನೋಡುವ ಕೋಶಗಳು ಸತ್ತು, ನಡುನೋಟ ಶಾಶ್ವತವಾಗಿ ಮಂಕಾಗುತ್ತದೆ. ಆ ಮೇಲೆ ಯಾವ ಕನ್ನಡಕವೂ ಅದನ್ನು ತಿದ್ದಲಾರದು.

ಇದೊಂದೇ ಅಲ್ಲ

ಕಣ್ಣಿಗೆ ಸ್ಟೀರಾಯ್ಡಿನಿಂದ ಬರುವ ಕೇಡು ಇಷ್ಟಕ್ಕೇ ಮುಗಿಯುವುದಿಲ್ಲ. ಬಹುಕಾಲ ನುಂಗಿದವರಿಗೆ ಕಣ್ಣಿನ ಮಸೂರದ ಹಿಂಭಾಗದಲ್ಲಿ ಪೊರೆ ಬರುತ್ತದೆಂಬುದು ೧೯೬೦ರಲ್ಲೇ ತಿಳಿದುಬಂತು. ಪೊರೆಯನ್ನಾದರೂ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಆದರೆ ಗ್ಲಾಕೋಮ ಹಾಗಲ್ಲ. ಸ್ಟೀರಾಯ್ಡ್ ಡ್ರಾಪ್ಸನ್ನು ವಾರಗಟ್ಟಲೆ ಹಾಕಿಕೊಂಡರೆ ಸುಮಾರು ಮೂರರಲ್ಲೊಬ್ಬರಿಗೆ ಕಣ್ಣಿನೊಳಗಿನ ಒತ್ತಡ ಸ್ವಲ್ಪಮಟ್ಟಿಗೆ ಏರುತ್ತದೆ. ನೂರಕ್ಕೆ ಐದು ಮಂದಿಗೆ ಬಹಳವೇ ಏರುತ್ತದೆ. ಆ ಒತ್ತಡ ಅಕ್ಷಿಪಟಲದಿಂದ ಮೆದುಳಿಗೆ ಹೋಗುವ ನರವನ್ನು ಮೆಲ್ಲಮೆಲ್ಲನೆ ಕೊಲ್ಲುತ್ತದೆ. ಸತ್ತ ನರ ಮತ್ತೆ ಚಿಗುರುವುದಿಲ್ಲ.

ಇದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ದುಃಖದ ಸಂಗತಿ ಮಕ್ಕಳದ್ದು. ಬೇಸಗೆಯ ಧೂಳಿನಲ್ಲಿ ಕಣ್ಣು ಕೆರೆಯುವ ಮಕ್ಕಳು ನಮ್ಮ ಪ್ರತಿಯೊಂದು ಶಾಲೆಯಲ್ಲೂ ಇದ್ದಾರೆ. ಪಾಠ ಹೇಳುತ್ತಿದ್ದ ಕಾಲದಲ್ಲಿ ಅಂಥ ಮಕ್ಕಳನ್ನು ನಾವು ವರ್ಷವರ್ಷವೂ ಕಂಡಿದ್ದೇವೆ. ತಾಯಿ ಅಂಗಡಿಗೆ ಹೋಗಿ ಡ್ರಾಪ್ಸು ತರುತ್ತಾಳೆ. ಎರಡು ದಿನಗಳಲ್ಲಿ ಕೆಂಪು ಇಳಿಯುತ್ತದೆ, ಕೆರೆತ ನಿಲ್ಲುತ್ತದೆ. ಬಿಟ್ಟ ಕೂಡಲೇ ಮತ್ತೆ ಕೆರೆತ. ಮತ್ತೆ ಅದೇ ಸೀಸೆ. ಹೀಗೆ ವರ್ಷವೆಲ್ಲ. ಮಗುವಿಗೆ ನೋವಿಲ್ಲ, ಆದುದರಿಂದ ಮಗು ಹೇಳುವುದಿಲ್ಲ. ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲವೆಂದು ಹೇಳುವ ಹೊತ್ತಿಗೆ ಅರ್ಧ ನರ ಹೋಗಿರುತ್ತದೆ. ಮಗುವಿನ ಕಣ್ಣಿನ ಕೆರೆತಕ್ಕೆ ಸ್ಟೀರಾಯ್ಡ್ ಅಲ್ಲದ ಬೇರೆ ಡ್ರಾಪ್ಸುಗಳಿವೆ. ಸ್ಟೀರಾಯ್ಡ್ ಬೇಕಾದರೂ ಅದನ್ನು ಕೆಲವು ದಿನಗಳ ಮಟ್ಟಿಗೆ, ಒತ್ತಡ ಅಳೆದು ನೋಡುತ್ತ ಕೊಡತಕ್ಕದ್ದು ವೈದ್ಯರ ಕೆಲಸ.

ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು ಎಚ್ಚರಿಕೆ. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಏರಿದ ಸಕ್ಕರೆ ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ. ದಿನವೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಇರುವ ನಮ್ಮ ವ್ಯಾಪಾರಿ ಬಂಧುಗಳು ಮಂಡಿನೋವಿಗೆಂದು ಗುರುತಿಲ್ಲದ ಮಾತ್ರೆ ನುಂಗುವ ಮುನ್ನ ಇದನ್ನು ನೆನೆಯಬೇಕು.

ನಮ್ಮ ಸೀಮೆಯಲ್ಲಿ ಇದು ಏಕೆ ಹೆಚ್ಚಿನ ಮಾತು?

ಬೇರೆ ಊರುಗಳಲ್ಲಿ ಇದು ವೈದ್ಯರ ವಿಷಯ. ನಮ್ಮಲ್ಲಿ ಇದು ಕೂಲಿಯ ವಿಷಯ. ಹೇಗೆಂದರೆ, ರೇಷ್ಮೆ ನಮಗೆ ಅನ್ನ ಕೊಡುವ ಜೊತೆಗೆ ಉಬ್ಬಸವನ್ನೂ ಕೊಡುತ್ತದೆ. ಗೂಡು ಬೇಯಿಸುವಾಗ ಏಳುವ ಹಬೆ, ಸತ್ತ ಹುಳುವಿನ ವಾಸನೆ, ಒಣಗಿದ ಗೂಡಿನ ಧೂಳು, ಚಿಟ್ಟೆಯ ರೆಕ್ಕೆಯ ಪುಡಿ, ಎಲ್ಲವೂ ಎದೆಗೆ ಇಳಿಯುತ್ತವೆ. ರೇಷ್ಮೆ ಫಿಲೇಚರುಗಳಲ್ಲಿ ದುಡಿಯುವವರಿಗೆ ಆ ಕೆಲಸದಿಂದಲೇ ಉಬ್ಬಸ ಬರುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೧೯೮೫ರಲ್ಲೇ ಪ್ರಕಟಿಸಿದರು. ಇದು ಮೈಗೆ ಹುಟ್ಟಿನಿಂದ ಅಂಟಿದ ದೋಷವಲ್ಲ, ಕಸುಬು ಕೊಟ್ಟ ರೋಗ. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳುಗಳ ಚರ್ಮ ಕೀಳುತ್ತದೆ, ಅದಕ್ಕೊಂದು ಮುಲಾಮು. ಗೌರಿಬಿದನೂರು ಕಡೆಯ ಬಟ್ಟೆ ಕಾರ್ಖಾನೆಗಳಲ್ಲಿ ನಿಂತು ದುಡಿಯುವವರಿಗೆ ಸೊಂಟನೋವು, ಮಂಡಿನೋವು, ಅದಕ್ಕೊಂದು ಸೂಜಿ. ಮೂರಕ್ಕೂ ಅಂಗಡಿಯಲ್ಲಿ ಸಿಗುವ ಅಗ್ಗದ ಪರಿಹಾರ ಒಂದೇ, ಸ್ಟೀರಾಯ್ಡ್.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಾಡಿನಲ್ಲೇ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿ ದಿನಕ್ಕೆ ಎಷ್ಟು ಗೂಡು ಬಂತು, ಧಾರಣೆ ಎಷ್ಟು, ಸರ್ಕಾರಕ್ಕೆ ಶುಲ್ಕವೆಷ್ಟು ಎಂಬುದಕ್ಕೆಲ್ಲ ಲೆಕ್ಕವಿದೆ. ಆ ಗೂಡು ಬಿಚ್ಚಿದವರಲ್ಲಿ ಎಷ್ಟು ಮಂದಿಗೆ ದಮ್ಮು ಹತ್ತಿತು, ಎಷ್ಟು ಮಂದಿ ವರ್ಷಗಟ್ಟಲೆ ಯಾವ ಮಾತ್ರೆ ನುಂಗಿದರು, ಎಷ್ಟು ಮಂದಿಯ ಕಣ್ಣು ಮಂಕಾಗಿ ಕೆಲಸ ಬಿಟ್ಟರು ಎಂಬ ಪುಸ್ತಕ ಯಾವ ಕಚೇರಿಯ ಮೇಜಿನ ಮೇಲಿದೆ? ಗೂಡಿಗೆ ತಕ್ಕಡಿಯಿದೆ, ಬಿಚ್ಚುವವನಿಗೆ ಇಲ್ಲ.

ಸಂಘದ ಕೆಲಸದ ಮೇಲೆ ಹಳ್ಳಿಗಳಿಗೆ ಹೋದಾಗ ನಾವು ಬಿಚ್ಚಾಣಿಕೆಯ ಒಬ್ಬ ಕೂಲಿಗಾರನನ್ನು ಕಂಡೆವು. ಹೆಸರು ಬೇಡ. ವಯಸ್ಸು ನಲವತ್ತಕ್ಕೆ ಒಳಗೆ. ಮೂರು ವರ್ಷಗಳಿಂದ ಅಂಗಡಿಯಿಂದ ಸಣ್ಣ ಬಿಳಿಯ ಮಾತ್ರೆ ತಂದು ನುಂಗುತ್ತಿದ್ದ. ನುಂಗಿದ ದಿನ ಉಸಿರು ಸಲೀಸು, ಬಿಟ್ಟ ದಿನ ಎದೆ ಬಿಗಿತ. ಮುಖ ಊದಿಕೊಂಡಿತ್ತು, ಮೈ ತುಂಬಿಕೊಂಡಿದ್ದಾನೆಂದು ಮನೆಯವರಿಗೆ ಸಂತೋಷ! ಒಂದು ದಿನ ಎಡಗಣ್ಣಿಗೆ ಎಳೆ ಡೊಂಕಾಗಿ ಕಾಣತೊಡಗಿತು. ಕನ್ನಡಕದ ಅಂಗಡಿಯಲ್ಲಿ ಕನ್ನಡಕ ಕೊಂಡ, ಸರಿಹೋಗಲಿಲ್ಲ. ಕೊನೆಗೆ ಬೆಂಗಳೂರಿಗೆ ಹೋಗಿ ಬರಲು ಒಂದು ದಿನದ ಕೂಲಿ, ಬಸ್ಸಿನ ದುಡ್ಡು, ಜೊತೆಗೆ ಬಂದ ಭಾವಮೈದುನನ ಕೂಲಿ. ಅಲ್ಲಿ ಸ್ಕ್ಯಾನ್ ಮಾಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಸ್ಟೀರಾಯ್ಡ್ ತೆಗೆದುಕೊಳ್ಳುತ್ತೀರಾ?" ಎಂಬುದು. ಇಲ್ಲವೆಂದ. ಸುಳ್ಳು ಹೇಳಲಿಲ್ಲ, ತಾನು ನುಂಗುತ್ತಿದ್ದುದು ಅದೇ ಎಂದು ಅವನಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ.

ಕಾನೂನು ಇದೆ, ಆದರೆ ಎಲ್ಲಿದೆ?

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ೧೯೪೦ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯಿದೆ, ೧೯೪೫ರ ನಿಯಮಗಳಿವೆ. ಸ್ಟೀರಾಯ್ಡ್ ಮಾತ್ರೆ, ಚುಚ್ಚುಮದ್ದು, ಕಣ್ಣಿನ ಡ್ರಾಪ್ಸುಗಳು ಷೆಡ್ಯೂಲ್ ಎಚ್ ಎಂಬ ಪಟ್ಟಿಗೆ ಸೇರಿವೆ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಚರ್ಮದ ಮುಲಾಮುಗಳಿಗೆ ಇದ್ದ ಸಡಿಲಿಕೆಯನ್ನು ಕೂಡ ೨೦೧೮ರಲ್ಲಿ ಕೇಂದ್ರ ಸರ್ಕಾರ ಬಿಗಿಗೊಳಿಸಿ ೧೪ ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಅದೇ ಪಟ್ಟಿಗೆ ಸೇರಿಸಿತು. ಮಾತ್ರೆಯ ಹಾಳೆಯ ಮೇಲೆ ಎಚ್ಚರಿಕೆಯನ್ನೂ ಅಚ್ಚು ಹಾಕಿರುತ್ತಾರೆ. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ. ಯಾವ ಗಾತ್ರದಲ್ಲಿ? ಒಳ್ಳೆಯ ಕಣ್ಣಿದ್ದವನೂ ಕಷ್ಟಪಟ್ಟು ಓದಬೇಕಾದ ಗಾತ್ರದಲ್ಲಿ. ಕಣ್ಣು ಕೆಟ್ಟವನ ಗತಿಯೇನು?

ಇಲ್ಲಿ ಔಷಧದ ಅಂಗಡಿಯ ಬಂಧುಗಳು ಒಂದು ಮಾತು ಹೇಳುತ್ತಾರೆ. "ನಾವು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ. ಗಿರಾಕಿ ನಮ್ಮನ್ನೇ ಬೈದು ಹೋಗುತ್ತಾನೆ" ಎಂದು. ಇದರಲ್ಲಿ ನಿಜವಿದೆ. ಅವರೂ ಬಾಡಿಗೆ ಕಟ್ಟುವವರು, ಬಡ್ಡಿ ತೆರುವವರು. ಅವರನ್ನು ಕಳ್ಳರೆಂದು ಕರೆಯುವುದು ನಮ್ಮ ಉದ್ದೇಶವಲ್ಲ. ಒಬ್ಬೊಬ್ಬರೇ ನಿಯಮ ಪಾಲಿಸಿದರೆ ಒಬ್ಬೊಬ್ಬರೇ ನಷ್ಟಪಡುತ್ತಾರೆ. ಎಲ್ಲರೂ ಕೂಡಿ ಪಾಲಿಸಿದರೆ ಯಾರಿಗೂ ನಷ್ಟವಿಲ್ಲ. ಕೂಲಿಯ ಹೋರಾಟದಲ್ಲಿ ಕಾರ್ಮಿಕರು ಕಲಿತ ಪಾಠವೂ ಇದೇ ಅಲ್ಲವೆ? ಆದುದರಿಂದ ಪೇಟೆಯ ಔಷಧ ವ್ಯಾಪಾರಿಗಳೆಲ್ಲ ಸಭೆ ಸೇರಿ, ಚೀಟಿಯಿಲ್ಲದೆ ಸ್ಟೀರಾಯ್ಡ್ ಕೊಡುವುದಿಲ್ಲವೆಂದು ಒಂದೇ ದಿನ ತೀರ್ಮಾನಿಸಲಿ. ಅಂಥ ತೀರ್ಮಾನ ಕೈಗೊಂಡ ಅಂಗಡಿಗಳ ಪರವಾಗಿ ನಾವು ನಿಲ್ಲುತ್ತೇವೆ.

ಕಾರ್ಮಿಕ ಬಂಧುಗಳದೂ ಒಂದು ಆಕ್ಷೇಪಣೆಯಿದೆ. "ವೈದ್ಯರ ಹತ್ತಿರ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಅವರು ಬರೆಯುವ ಇನ್‌ಹೇಲರಿಗೆ ನೂರಾರು ರೂಪಾಯಿ. ಈ ಮಾತ್ರೆ ಎರಡು ರೂಪಾಯಿಗೆ ಬರುತ್ತದೆ. ಮೊದಲು ಉಸಿರು, ಆಮೇಲೆ ಕಣ್ಣು" ಎಂದು. ಈ ಮಾತಿಗೆ ಉಪದೇಶದಿಂದ ಉತ್ತರ ಕೊಡುವವರು ಬಡತನವನ್ನು ಕಂಡವರಲ್ಲ. ಉಸಿರು ಬೇಕು, ನಿಜ. ಆದರೆ ಉಸಿರಿಗೋ ಕಣ್ಣಿಗೋ ಒಂದನ್ನೇ ಆರಿಸಿಕೊಳ್ಳಬೇಕಾದ ಗತಿ ಮನುಷ್ಯನಿಗೆ ಬಂದುದು ಏಕೆ? ಇನ್‌ಹೇಲರಿನಲ್ಲೂ ಸ್ಟೀರಾಯ್ಡೇ ಇದೆ, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ, ನೇರವಾಗಿ ಎದೆಗೆ ಹೋಗುತ್ತದೆ. ಮೈಯೆಲ್ಲ ಹರಿಯುವ ಮಾತ್ರೆಗಿಂತ ಅದರಿಂದ ಅಪಾಯ ಬಹಳ ಕಡಿಮೆ. ಹೀಗಿರುವಲ್ಲಿ ಉಳ್ಳವನಿಗೆ ಇನ್‌ಹೇಲರು, ಇಲ್ಲದವನಿಗೆ ಮಾತ್ರೆ ಎಂಬ ಭೇದ ನಡೆಯುತ್ತಿದ್ದರೆ, ಅದು ವೈದ್ಯಶಾಸ್ತ್ರದ ತೀರ್ಮಾನವಲ್ಲ, ಜೇಬಿನ ತೀರ್ಮಾನ. ಬಡವನ ಕಣ್ಣು ಕಡಿಮೆ ಬೆಲೆಯದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಇ. ಎಸ್. ಐ. ಯೋಜನೆ ಸಾಮಾನ್ಯವಾಗಿ ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆಗೆ ಅನ್ವಯಿಸುತ್ತದೆ. ದೊಡ್ಡ ಬಟ್ಟೆ ಕಾರ್ಖಾನೆಯ ಕಾರ್ಮಿಕನಿಗೆ ಅದರ ಆಸರೆ ಉಂಟು. ಮನೆಯ ಹಿಂದೆ ನಾಲ್ಕೈದು ಮಂದಿ ಕೂತು ಬಿಚ್ಚುವ ಘಟಕದವನಿಗೆ ಇಲ್ಲ. ಉಬ್ಬಸಕ್ಕೆ ಹತ್ತು ಮಂದಿಯ ಲೆಕ್ಕ ಗೊತ್ತೆ? ಹಬೆ ಎಲ್ಲರ ಎದೆಗೂ ಒಂದೇ ಸಮನಾಗಿ ಇಳಿಯುತ್ತದೆ.

ನಮ್ಮ ಬೇಡಿಕೆಗಳು

ಆದುದರಿಂದ ಜಿಲ್ಲೆಯ ಅಧಿಕಾರಿಗಳ ಮತ್ತು ಸರ್ಕಾರದ ಮುಂದೆ ನಾವು ಈ ಬೇಡಿಕೆಗಳನ್ನು ಇಡುತ್ತೇವೆ.

ಒಂದು: ರೇಷ್ಮೆ ಬಿಚ್ಚುವ ಎಲ್ಲ ಕಾರ್ಮಿಕರಿಗೂ, ಘಟಕ ಎಷ್ಟೇ ಸಣ್ಣದಾಗಿರಲಿ, ವರ್ಷಕ್ಕೊಮ್ಮೆ ಎದೆಯ, ರಕ್ತದ ಸಕ್ಕರೆಯ ಮತ್ತು ಕಣ್ಣಿನ ತಪಾಸಣೆಯಾಗಬೇಕು. ಅದರ ಖರ್ಚಿಗೆ ಗೂಡಿನ ಮಾರುಕಟ್ಟೆಯ ಶುಲ್ಕದ ಒಂದು ಪಾಲನ್ನು ಮೀಸಲಿಡಬೇಕು.

ಎರಡು: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಬ್ಬಸದ ಇನ್‌ಹೇಲರು ವರ್ಷದ ಹನ್ನೆರಡು ತಿಂಗಳೂ ಪುಕ್ಕಟೆಯಾಗಿ ಸಿಗಬೇಕು.

ಮೂರು: ದಿಬ್ಬೂರಹಳ್ಳಿಯಂಥ ಊರುಗಳಿಗೆ ನಿಗದಿಯಾದ ದಿನ ಕಣ್ಣಿನ ವೈದ್ಯರು ಬರಬೇಕು, ಕಣ್ಣಿನ ಒತ್ತಡ ಅಳೆಯುವ ಸಾಧನ ಅವರ ಜೊತೆಗಿರಬೇಕು. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ೧೯೭೬ರಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರ ಆಶಾಕಿರಣವೆಂಬ ಯೋಜನೆಯನ್ನೂ ಸಾರಿತು. ಪೊರೆ ತೆಗೆದು ಕನ್ನಡಕ ಕೊಟ್ಟ ಲೆಕ್ಕದ ಜೊತೆಗೆ ಔಷಧದಿಂದ ಕೆಟ್ಟ ಕಣ್ಣಿನ ಲೆಕ್ಕವನ್ನೂ ಅವು ಬರೆಯಲಿ.

ನಾಲ್ಕು: ಸ್ಟೀರಾಯ್ಡ್ ಇರುವ ಪ್ರತಿಯೊಂದು ಮಾತ್ರೆಯ ಹಾಳೆ, ಸೀಸೆ, ಟ್ಯೂಬಿನ ಮೇಲೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಎಚ್ಚರಿಕೆ ಅಚ್ಚಾಗಬೇಕು. ಮಾರಿದ್ದಕ್ಕೆ ಬಿಲ್ಲು ಕೊಡಬೇಕು. ಔಷಧ ನಿಯಂತ್ರಣದ ಅಧಿಕಾರಿಗಳು ಹೋಬಳಿಯ ಅಂಗಡಿಗಳವರೆಗೂ ಬರಬೇಕು.

ಐದು: ಬಿಚ್ಚಾಣಿಕೆ ಘಟಕಗಳಿಗೆ ಹಬೆ ಹೊರಹಾಕುವ ಕೊಳವೆ ಮತ್ತು ಫ್ಯಾನು ಹಾಕಿಸಲು ಸಣ್ಣ ರೀಲರುಗಳಿಗೆ ಸಹಾಯಧನ ಕೊಡಬೇಕು. ರೋಗದ ಬೇರು ಅಲ್ಲಿದೆ. ಬೇರನ್ನು ಬಿಟ್ಟು ಕೊಂಬೆಗೆ ಮದ್ದು ಹಾಕಿ ಫಲವಿಲ್ಲ.

ನಾವು ಇಂದೇ ಮಾಡಬಹುದಾದದ್ದು

ಸರ್ಕಾರ ಏಳುವವರೆಗೆ ಕಣ್ಣು ಕಾಯುವುದಿಲ್ಲ. ಆದುದರಿಂದ ಇಂದಿನಿಂದಲೇ ನಮ್ಮವರು ಮಾಡಬೇಕಾದ ನಾಲ್ಕು ಮಾತುಗಳನ್ನು ಹೇಳಿ ಮುಗಿಸುತ್ತೇವೆ.

ಎಲ್ಲಕ್ಕಿಂತ ಮುಖ್ಯವಾದದ್ದು: ತಿಂಗಳುಗಳಿಂದ ಸ್ಟೀರಾಯ್ಡ್ ನುಂಗುತ್ತಿರುವವರು ಈ ಲೇಖನ ಓದಿ ಹೆದರಿ ಥಟ್ಟನೆ ಬಿಡಬಾರದು. ಹೊರಗಿನಿಂದ ರಸ ಬರುತ್ತಿದ್ದಾಗ ಮೈಯ ಗ್ರಂಥಿಗಳು ನಿದ್ದೆ ಹೋಗಿರುತ್ತವೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ವೈದ್ಯರ ಬಳಿ ಹೋಗಿ, ಅವರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಇನ್‌ಹೇಲರು ಬಳಸುವವರೂ ತಾವಾಗಿ ಅದನ್ನು ಬಿಡಬಾರದು.

ಎರಡನೆಯದು: ಅಂಗಡಿಯಲ್ಲಿ ಯಾವ ಮಾತ್ರೆ, ಮುಲಾಮು, ಡ್ರಾಪ್ಸು ಕೊಂಡರೂ "ಅಣ್ಣಾ, ಇದರಲ್ಲಿ ಸ್ಟೀರಾಯ್ಡ್ ಇದೆಯೇ?" ಎಂದು ಕೇಳಬೇಕು. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಟ್ರಯಾಮ್ಸಿನೊಲೋನ್, ಕ್ಲೋಬೆಟಾಸೋಲ್, ಈ ಐದು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸಲಿ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿಯನ್ನು ಯಾರು ಎಂಥ ಮಾತು ಹೇಳಿ ಕೊಟ್ಟರೂ ನುಂಗಬೇಡಿ.

ಮೂರನೆಯದು: ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಕಿಟಕಿಯ ಸರಳುಗಳನ್ನೋ, ಲೆಕ್ಕದ ಪುಸ್ತಕದ ಗೀಟುಗಳನ್ನೋ ನೋಡಿ. ಆ ಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಬಿಡುತ್ತದೆ. ಗೆರೆ ಡೊಂಕಾಗಿ ಕಂಡರೆ, ನಡುವೆ ಮಚ್ಚೆ ಇದ್ದರೆ, ಕನ್ನಡಕದ ಅಂಗಡಿಗೆ ಹೋಗದೆ ಕಣ್ಣಿನ ವೈದ್ಯರ ಬಳಿಗೇ ಹೋಗಿ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ೧೮೯೬ರಿಂದ ಬಡವರ ಕಣ್ಣು ನೋಡುತ್ತ ಬಂದಿರುವ ಮಿಂಟೋ ಸರ್ಕಾರಿ ಆಸ್ಪತ್ರೆಯಿದೆ. ಆದರೆ ಗ್ಲಾಕೋಮವನ್ನು ಈ ಕಿಟಕಿಯ ಪರೀಕ್ಷೆ ಹಿಡಿಯಲಾರದು. ಡ್ರಾಪ್ಸು ಬಹಳ ದಿನ ಹಾಕಿಕೊಂಡವರು ತೊಂದರೆ ಕಾಣದಿದ್ದರೂ ಒತ್ತಡ ಅಳೆಯಿಸಿಕೊಳ್ಳಬೇಕು.

ನಾಲ್ಕನೆಯದು: ವೈದ್ಯರಲ್ಲಿಗೆ ಹೋಗುವಾಗ ನುಂಗುವ, ಹಚ್ಚುವ, ಚುಚ್ಚಿಸಿಕೊಂಡ ಎಲ್ಲವುಗಳ ಹಾಳೆ, ಸೀಸೆಗಳನ್ನು ಚೀಲದಲ್ಲಿ ತುಂಬಿ ಒಯ್ಯಿರಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಬೈದರೂ ಕಣ್ಣು ಉಳಿಯುತ್ತದೆ.

ಈ ಕೆಲಸವನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಕೂಡಿ ಮಾಡುವುದು ಲೇಸು. ಪ್ರತಿಯೊಂದು ಬೀದಿಯಲ್ಲಿ ದಮ್ಮಿನ ಮಾತ್ರೆ ನುಂಗುವವರ, ಡ್ರಾಪ್ಸು ಹಾಕಿಸಿಕೊಳ್ಳುವ ಮಕ್ಕಳ ಪಟ್ಟಿಯನ್ನು ನಮ್ಮ ಶಾಖೆಗಳವರು ಬರೆದು ತರಲಿ. ಸರ್ಕಾರದ ಮೇಜ಼ಿನ ಮೇಲೆ ಇಲ್ಲದ ಪುಸ್ತಕವನ್ನು ನಾವೇ ಬರೆಯೋಣ. ಆ ಪುಸ್ತಕವನ್ನು ಹಿಡಿದೇ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ. ರೇಷ್ಮೆಯ ಎಳೆಗೆ ಬಹಳ ಉದ್ದವಿದೆಯಂತೆ, ಬಲವೂ ಇದೆಯಂತೆ. ಆದರೆ ಅದರ ತುದಿಯನ್ನು ಹುಡುಕಿ ಕೊಡುವುದು ಮನುಷ್ಯನ ಕಣ್ಣೇ. ಆ ಕಣ್ಣಿಗೆ ಬೆಲೆ ಕಟ್ಟುವ ಹಕ್ಕನ್ನು ಎರಡು ರೂಪಾಯಿಯ ಮಾತ್ರೆಗೆ ಬಿಟ್ಟುಕೊಡಲು ನಾವು ಸಿದ್ಧರಿಲ್ಲ.